ನೋಬಲ್ ಜಾನ್ಸನ್ ಅವರನ್ನು ಪರದೆಯ ಮೇಲೆ ಗುರುತು ಹಿಡಿಯುವುದು ಹೇಗೆ?

1933ರ ‘ಕಿಂಗ್ ಕಾಂಗ್’ ನೋಡಿದ್ದರೆ ನೀವು ನೋಬಲ್ ಜಾನ್ಸನ್ ಅವರನ್ನು ಈಗಾಗಲೇ ನೋಡಿದ್ದೀರಿ. ಹಡಗಿನವರು ದ್ವೀಪಕ್ಕೆ ಇಳಿದು, ಗೋಡೆಯ ಬಳಿ ನಡೆಯುತ್ತಿರುವ ಕುಣಿತವನ್ನು ಕದ್ದು ನೋಡುತ್ತಾರಲ್ಲ, ಆಗ ಸಿಟ್ಟಿನಿಂದ ಅವರತ್ತ ನಡೆದುಬರುವ ದ್ವೀಪದ ಮುಖಂಡನೇ ನೋಬಲ್. 1914ರಿಂದ 1950ರವರೆಗೆ ನೂರಕ್ಕೂ ಹೆಚ್ಚು ಸಿನಿಮಾಗಳಲ್ಲಿ ನಟಿಸಿದ ಕಪ್ಪು ನಟ. ಚಾಪ್ಲಿನ್, ಕೀಟನ್ ಹೆಸರು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಇವರ ಹೆಸರು ಮಾತ್ರ ಕೇಳಿದವರು ಕಡಿಮೆ. ಅವರಿಗೆ ಸಿಕ್ಕ ಪಾತ್ರಗಳು ಅಂಥವು. ರೆಡ್ ಇಂಡಿಯನ್ ಮುಖಂಡ, ಭಾರತದ ರಾಜಕುಮಾರ, ರಷ್ಯಾದ ಕೊಸಾಕ್ (ಕುದುರೆ ಸವಾರಿಗೆ ಹೆಸರಾದ ಯೋಧ ಪಂಗಡದವ), ಈಜಿಪ್ಟಿನ ಸೇವಕ, ನರಭಕ್ಷಕರ ನಾಯಕ, ಪ್ರೇತ. ಒಂದು ಚಿತ್ರದಲ್ಲಿ ಕಂಡ ಮುಖ ಇನ್ನೊಂದರಲ್ಲಿ ಸಿಗುವುದಿಲ್ಲ.

ನಾನು ಶಿವಮೊಗ್ಗ ಕಡೆ ಹವ್ಯಾಸಿ ನಾಟಕಗಳಿಗೆ ಬಣ್ಣ ಹಚ್ಚುವವನು. ಸಫೇದಾ, ಅರದಾಳ, ಇಂಗಳೀಕ, ಕಾಡಿಗೆ, ಸ್ಪಿರಿಟ್ ಗಮ್, ಕ್ರೇಪ್ ಕೂದಲು, ಇವುಗಳ ನಡುವೆಯೇ ನನ್ನ ಸಂಜೆಗಳು ಕಳೆಯುತ್ತವೆ. ನೋಬಲ್ ನನ್ನನ್ನು ಹಿಡಿದಿಟ್ಟುಕೊಂಡಿದ್ದೂ ಬಣ್ಣದ ದಾರಿಯಿಂದಲೇ. ಬಣ್ಣದ ಕೆಳಗಿನ ಮನುಷ್ಯನನ್ನು ಹುಡುಕುವ ಕ್ರಮ ನನಗೆ ಗೊತ್ತಿರುವಷ್ಟನ್ನು ಇಲ್ಲಿ ಹೇಳುತ್ತೇನೆ. ಒಂದು ಮೊಬೈಲ್, ಒಂದು ನೋಟ್‌ಬುಕ್, ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ಮೊದಲು ಎರಡು ಸಿನಿಮಾ, ಬೆನ್ನಿಗೆ ಬೆನ್ನು

ಅವರು ಹುಟ್ಟಿದ್ದು 1881ರಲ್ಲಿ. ಹಾಗಂತ ಮೊದಲ ಚಿತ್ರದಿಂದಲೇ ಶುರು ಮಾಡಬೇಡಿ. ಸಿಗುವ ಪ್ರತಿಗಳು ಕಡಿಮೆ, ಬೇಗ ಬೇಜಾರಾಗುತ್ತದೆ. ನಡುವಿನಿಂದ ಶುರು ಮಾಡಿ. 1932ರ ‘ದಿ ಮೋಸ್ಟ್ ಡೇಂಜರಸ್ ಗೇಮ್’ ಮತ್ತು 1933ರ ‘ಕಿಂಗ್ ಕಾಂಗ್’, ಇವೆರಡನ್ನೂ ಒಂದೇ ವಾರದಲ್ಲಿ ನೋಡಿ. ಮೊದಲನೆಯದು ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಅಷ್ಟೆ, ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಎರಡನೆಯದಕ್ಕೆ ದುಡ್ಡು ಕೊಡಬೇಕು.

ಈ ಎರಡೂ ಆರ್‌ಕೆಓ ಸ್ಟುಡಿಯೋದ ಒಂದೇ ಕಾಡಿನ ಸೆಟ್‌ನಲ್ಲಿ, ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ ತಯಾರಾದವು. ನಟಿ ಫೇ ರೇ ಎರಡರಲ್ಲೂ ಇದ್ದಾರೆ, ನಟ ರಾಬರ್ಟ್ ಆರ್ಮ್‌ಸ್ಟ್ರಾಂಗ್ ಕೂಡ. ಅವರಿಬ್ಬರನ್ನು ಗುರುತು ಹಿಡಿಯುವುದು ಕಷ್ಟವೇ ಅಲ್ಲ. ನೋಬಲ್ ಕೂಡ ಎರಡರಲ್ಲೂ ಇದ್ದಾರೆ. ಅವರನ್ನು ಹುಡುಕಿ ನೋಡಿ.

‘ಡೇಂಜರಸ್ ಗೇಮ್’ನಲ್ಲಿ ಅವರು ಈವಾನ್. ಕೌಂಟ್ ಝಾರಾಫ್‌ನ ಮೂಗ ಸೇವಕ, ಕೊಸಾಕ್. ಅಂದರೆ ಬಿಳಿಯ ಮನುಷ್ಯ. ಕಪ್ಪು ನಟನಿಗೆ ಬಿಳಿ ಬಣ್ಣ ಹಚ್ಚಿ, ಕೆನ್ನೆ ತುಂಬ ಗಡ್ಡ ಅಂಟಿಸಿ ನಿಲ್ಲಿಸಿದ್ದಾರೆ. ಆ ಕಾಲದ ಹಾಲಿವುಡ್‌ನಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರ ಪಾತ್ರ ಮಾಡುವುದು ಮಾಮೂಲಿಯಾಗಿತ್ತು. ಇದು ಅದರ ತಿರುಗುಮುರುಗು, ತುಂಬ ಅಪರೂಪ. ಕೌಂಟ್ ಅತಿಥಿಯ ಮುಂದೆ ಈವಾನನನ್ನು ಪರಿಚಯ ಮಾಡಿಕೊಟ್ಟು, ನಗು ಅಂತ ಅವನಿಗೆ ಅಪ್ಪಣೆ ಮಾಡುವ ಜಾಗದಲ್ಲಿ ವಿಡಿಯೋ ನಿಲ್ಲಿಸಿ. ಗಡ್ಡವನ್ನು ಬಿಡಿ, ಬಣ್ಣವನ್ನೂ ಬಿಡಿ. ಕಣ್ಣು ಮತ್ತು ಹುಬ್ಬಿನ ಮೂಳೆ ನೋಡಿ, ಭುಜದ ಅಗಲ ನೋಡಿ. ಮಾತೇ ಇಲ್ಲದ ಪಾತ್ರವನ್ನು ಅವರು ಬರೀ ಮೈಯಿಂದ ಮಾಡಿದ್ದಾರೆ.

ಆಮೇಲೆ ‘ಕಾಂಗ್’ಗೆ ಬನ್ನಿ. ಮುಖಂಡ ಹಡಗಿನವರ ಕಡೆಗೆ ನಡೆದುಬರುವ ಜಾಗ. ಮ್ಯಾಕ್ಸ್ ಸ್ಟೈನರ್ ಅವರ ಸಂಗೀತ ಇಲ್ಲಿ ನಟನ ಹೆಜ್ಜೆಗೆ ಹೆಜ್ಜೆ ಕೂಡಿಸಿಕೊಂಡು ಬರುತ್ತದೆ. ಕಾಲು ಊರಿದಾಗ ವಾದ್ಯ, ನಿಂತಾಗ ಮೌನ. ನಮ್ಮ ಯಕ್ಷಗಾನದಲ್ಲಿ ರಾಕ್ಷಸ ವೇಷದ ಪ್ರವೇಶಕ್ಕೆ ಚೆಂಡೆ ಹೆಜ್ಜೆ ಹಿಡಿಯುತ್ತದಲ್ಲ, ಹಾಗೇ ಇದೆ. ಆದರೆ ಹೆಜ್ಜೆಯಲ್ಲಿ ತೂಕ ಇಲ್ಲದಿದ್ದರೆ ಸಂಗೀತ ಹಿಡಿಯುವುದಾದರೂ ಏನನ್ನು? ಆ ತೂಕ ನೋಬಲ್ ಅವರದು. ಅವರಿಗೆ ಆಗ 50 ದಾಟಿತ್ತು. ಆಮೇಲೆ ಮುಖಂಡ ಫೇ ರೇ ಪಾತ್ರದ ಹುಡುಗಿಯನ್ನು ನೋಡಿ, ಆರು ಹೆಂಗಸರನ್ನು ಕೊಡುತ್ತೇನೆ, ಇವಳನ್ನು ಕೊಡಿ ಅನ್ನುತ್ತಾನೆ. ಕಥೆ ಬರೆದವರು ಕಪ್ಪು ಜನರನ್ನು ಯಾವ ಕಣ್ಣಿನಿಂದ ನೋಡುತ್ತಿದ್ದರು ಅನ್ನುವುದಕ್ಕೆ ಈ ಒಂದು ಮಾತು ಸಾಕು. ನನಗೆ ಆ ದೃಶ್ಯ ನೋಡುವಾಗ ಪ್ರತಿಸಲ ಸಂಕಟವಾಗುತ್ತದೆ. ನಟನ ಮೇಲಿನ ಗೌರವ ಮಾತ್ರ ಕಮ್ಮಿಯಾಗುವುದಿಲ್ಲ.

ಎರಡೂ ಮುಗಿದ ಮೇಲೆ ಈವಾನ್ ಮತ್ತು ಮುಖಂಡನ ಚಿತ್ರಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. ಒಂದೇ ಕಾಡು, ಒಬ್ಬನೇ ಮನುಷ್ಯ, ಒಂದರಲ್ಲಿ ಬಿಳಿಯ, ಇನ್ನೊಂದರಲ್ಲಿ ಕಪ್ಪು. ಇಷ್ಟು ಕಣ್ಣಿಗೆ ಕೂತರೆ ಮುಂದಿನದು ಸುಲಭ.

ಮುಖ ನಂಬಬೇಡಿ, ಈ ಗುರುತುಗಳನ್ನು ನಂಬಿ

ಬಣ್ಣ ಹಚ್ಚುವವರು ಮೊದಲು ಮುಖ ಮುಗಿಸುತ್ತೇವೆ. ಹೊತ್ತಾಗಿದ್ದರೆ ಕಿವಿಯ ಹಿಂದೆ, ಕತ್ತಿನ ಹಿಂಬದಿ, ಅಂಗೈ ಉಳಿದುಬಿಡುತ್ತವೆ. ಆದ್ದರಿಂದ ಅನುಮಾನ ಬಂದಾಗ ನಾನು ನೋಡುವುದು ಅಲ್ಲೇ. ಕಿವಿಯ ಆಕಾರವನ್ನು ಯಾರೂ ಬದಲಾಯಿಸಲು ಹೋಗುವುದಿಲ್ಲ. ಅದು ಕೊನೆಯವರೆಗೂ ಒಂದೇ.

ನೋಬಲ್ ಎತ್ತರ ಸುಮಾರು ಆರು ಅಡಿ ಎರಡು ಇಂಚು. ದೃಶ್ಯದಲ್ಲಿ ಪಕ್ಕದವರಿಗಿಂತ ತಲೆ ಮೇಲೆ ಕಾಣುತ್ತದೆ. ದವಡೆ ಅಗಲ, ಕೆನ್ನೆಯ ಮೂಳೆ ಎತ್ತರ. ನಿಂತಾಗ ಕೈಗಳನ್ನು ಸುಮ್ನೆ ಆಡಿಸುವುದಿಲ್ಲ. ಇನ್ನೊಂದು ಗುರುತು ಕುದುರೆ. ಅವರಪ್ಪ ಕುದುರೆ ಪಳಗಿಸುವವರು. ಮಗ ಸ್ಕೂಲು ಬಿಟ್ಟು ಚಿಕ್ಕ ವಯಸ್ಸಿನಲ್ಲೇ ಕುದುರೆಗಳ ಜೊತೆ ಊರೂರು ತಿರುಗಿದವರು. ಕುದುರೆ ಮೇಲೆ ಕೂತರೆ ಬೇರೆ ನಟರಿಗೂ ಅವರಿಗೂ ಇರುವ ವ್ಯತ್ಯಾಸ ಎದ್ದು ಕಾಣುತ್ತದೆ. ಸಿನಿಮಾಕ್ಕೆ ಅವರು ಬಂದಿದ್ದೂ ಆ ಕಸುಬಿನಿಂದಲೇ. 1914ರಲ್ಲಿ ಲೂಬಿನ್ ಕಂಪನಿಯವರು ಕೊಲೊರಾಡೊದಲ್ಲಿ ಶೂಟಿಂಗ್ ಮಾಡುವಾಗ ಒಬ್ಬ ನಟನಿಗೆ ಪೆಟ್ಟಾಯಿತು. ಅವನ ಬದಲು ಇವರನ್ನು ಹಾಕಿಕೊಂಡರು. ಪಾತ್ರ ರೆಡ್ ಇಂಡಿಯನ್‌ನದು. ಮೊದಲ ದಿನದಿಂದಲೇ ಬೇರೆ ಜನಾಂಗದ ವೇಷ, ನೋಡಿ.

ಅವರು ಬೆಳೆದಿದ್ದು ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ. ಮೂಕಿ ಚಿತ್ರಗಳ ಹೆಸರಾಂತ ನಟ ಲಾನ್ ಚೇನಿ ಕೂಡ ಅದೇ ಊರಿನವರು. ಇಬ್ಬರೂ ಸ್ಕೂಲಿನ ಗೆಳೆಯರು. ಸಾವಿರ ಮುಖದ ಮನುಷ್ಯ ಅಂತ ಚೇನಿಗೆ ಬಿರುದೇ ಬಂತು. ಮೇಕಪ್ ಕೆಲಸ ಮಾಡುವ ನಮ್ಮಂಥವರಿಗೆ ಅವರು ಗುರುವಿದ್ದಂತೆ. ಅದೇ ಸ್ಕೂಲಿನ ಇನ್ನೊಬ್ಬ ಹುಡುಗನೂ ಅಷ್ಟೇ ಬಗೆಯ ಮುಖಗಳನ್ನು ಹೊತ್ತು ತಿರುಗಿದ. ಅವನಿಗೆ ಬಿರುದು ಯಾರೂ ಕೊಡಲಿಲ್ಲ.

ಫಿಲ್ಮ್ ಬಗ್ಗೆಯೂ ಒಂದು ಮಾತು ತಿಳಿದಿರಲಿ. 1920ರ ದಶಕದ ನಡುವಿನವರೆಗೆ ಹೆಚ್ಚಾಗಿ ಬಳಸುತ್ತಿದ್ದದ್ದು ಆರ್ಥೋಕ್ರೊಮ್ಯಾಟಿಕ್ ಫಿಲ್ಮ್. ಅದಕ್ಕೆ ಕೆಂಪು ಕಾಣುವುದಿಲ್ಲ. ಕೆಂಪೆಲ್ಲ ಕಪ್ಪಾಗಿ ಬೀಳುತ್ತದೆ, ನೀಲಿ ಬೆಳ್ಳಗಾಗುತ್ತದೆ. ಅಂದರೆ ಇಂಗಳೀಕ ಹಚ್ಚಿದ ತುಟಿ ಪರದೆಯ ಮೇಲೆ ಕಾಡಿಗೆ ಬಳಿದಂತೆ ಕಾಣುತ್ತದೆ. ನೋಬಲ್ ಅವರದು ತಿಳಿ ಮೈಬಣ್ಣ. ಹಚ್ಚುವ ಬಣ್ಣ, ಬಿಡುವ ಬೆಳಕು ಸ್ವಲ್ಪ ಬದಲಾದರೂ ಅವರು ಒಂದರಲ್ಲಿ ಕಡುಕಪ್ಪು, ಇನ್ನೊಂದರಲ್ಲಿ ಬೆಳ್ಳಗೆ ಕಾಣಬಹುದಿತ್ತು. ಸ್ಟುಡಿಯೋಗಳಿಗೆ ಬೇಕಾಗಿದ್ದೂ ಅದೇ. ಹಾಗಾಗಿ ಮೂಕಿ ಚಿತ್ರಗಳಲ್ಲಿ ಮೈಬಣ್ಣ ನೋಡಿ ‘ಇವರಲ್ಲ’ ಅಂತ ಮುಂದೆ ಹೋಗಬೇಡಿ.

ಮೂಕಿ ಚಿತ್ರಗಳಲ್ಲಿ ಎಲ್ಲಿ ಹುಡುಕಬೇಕು

ಮೊದಲು 1924ರ ‘ದಿ ಥೀಫ್ ಆಫ್ ಬಾಗ್ದಾದ್’. ಡಗ್ಲಸ್ ಫೇರ್‌ಬ್ಯಾಂಕ್ಸ್ ನಾಯಕ, ರೌಲ್ ವಾಲ್ಶ್ ನಿರ್ದೇಶಕ. ನಮಗೆ ಹತ್ತಿರವಾಗುವ ಪಾತ್ರ ಇದರಲ್ಲಿದೆ. ನೋಬಲ್ ಇಲ್ಲಿ ಭಾರತದ ರಾಜಕುಮಾರ. ರಾಜಕುಮಾರಿಯ ಕೈ ಕೇಳಲು ಮೂವರು ಬರುತ್ತಾರೆ. ಮಂಗೋಲರ ರಾಜಕುಮಾರನಾಗಿ ಜಪಾನಿನ ನಟ ಸೋಜಿನ್, ಪರ್ಷಿಯಾದ ರಾಜಕುಮಾರನಾಗಿ ಮಥಿಲ್ಡ್ ಕೋಮಾಂ ಅನ್ನುವ ನಟಿ, ಭಾರತದವನಾಗಿ ನೋಬಲ್. ಪರ್ಷಿಯಾದ ದಪ್ಪ ರಾಜಕುಮಾರ ಹೆಂಗಸು ಅಂತ ಗೊತ್ತಿಲ್ಲದೆ ನೋಡಿದವರೇ ಜಾಸ್ತಿ.

ಅತಿ ಅಪರೂಪದ ವಸ್ತು ತಂದವನಿಗೆ ಮದುವೆ ಅಂತ ಷರತ್ತು. ನೋಬಲ್ ಪಾತ್ರ ಕಂದಹಾರದ ಬಳಿಯ ಭಾರಿ ವಿಗ್ರಹದ ಕಣ್ಣಿನಿಂದ ಮಾಯದ ಸ್ಫಟಿಕ ತೆಗೆಸುತ್ತದೆ. ದೂರದಲ್ಲಿ ನಡೆಯುವುದೆಲ್ಲ ಅದರಲ್ಲಿ ಕಾಣುತ್ತದೆ. ರಾಜಕುಮಾರಿ ಸಾಯುತ್ತಿದ್ದಾಳೆ ಅನ್ನುವುದು ಗೊತ್ತಾಗುವುದೇ ಈ ಸ್ಫಟಿಕದಿಂದ. ಪರ್ಷಿಯಾದವನ ಹಾರುವ ಕಂಬಳಿ ಮೇಲೆ ಮೂವರೂ ಹೋಗುತ್ತಾರೆ, ಮಂಗೋಲನ ಸೇಬು ಅವಳನ್ನು ಬದುಕಿಸುತ್ತದೆ. ಚಿತ್ರ ಎರಡು ಗಂಟೆಗಿಂತ ಜಾಸ್ತಿ ಇದೆ. ಹೊತ್ತಿಲ್ಲದಿದ್ದರೆ ಮೂವರ ಮೆರವಣಿಗೆ ಮತ್ತು ಸ್ಫಟಿಕದ ಭಾಗ ಇವೆರಡನ್ನಾದರೂ ಪೂರ್ತಿ ನೋಡಿ. ಮುತ್ತಿನ ಸರ, ಪೇಟ, ರೇಷ್ಮೆ, ಇವುಗಳ ಒಳಗೆ ನೋಬಲ್ ಬಿಗಿದ ಮುಖ ಇಟ್ಟುಕೊಂಡು ಕೂತಿದ್ದಾರೆ. ಇದರಲ್ಲಿ ಬಟ್ಟೆಯೇ ಮೇಕಪ್‌ನ ಕೆಲಸ ಮಾಡುತ್ತದೆ.

ಅದೇ ವರ್ಷದ ಬಸ್ಟರ್ ಕೀಟನ್ ಚಿತ್ರ ‘ದಿ ನ್ಯಾವಿಗೇಟರ್’ನಲ್ಲಿ ಅವರು ನರಭಕ್ಷಕರ ನಾಯಕ. ಒಂದೇ ವರ್ಷದಲ್ಲಿ ರೇಷ್ಮೆಯ ರಾಜಕುಮಾರನೂ ಹೌದು, ಬೆತ್ತಲೆ ಮೈಯ ನಾಯಕನೂ ಹೌದು. 1921ರ ‘ದಿ ಫೋರ್ ಹಾರ್ಸ್‌ಮೆನ್ ಆಫ್ ದಿ ಅಪಾಕಲಿಪ್ಸ್’ನಲ್ಲಿ ನಾಲ್ವರು ಕುದುರೆ ಸವಾರರಲ್ಲಿ ಒಬ್ಬ, ‘ವಿಜಯ’ ಅನ್ನುವ ಸವಾರ, ಇವರೇ. 1923ರ ‘ದಿ ಟೆನ್ ಕಮಾಂಡ್‌ಮೆಂಟ್ಸ್’ನಲ್ಲಿ ಕಂಚಿನ ಮನುಷ್ಯ. 1922ರ ರಾಬಿನ್ಸನ್ ಕ್ರೂಸೋ ಧಾರಾವಾಹಿಯಲ್ಲಿ ಕ್ರೂಸೋನ ಸೇವಕ ಫ್ರೈಡೇ. 1927ರ ‘ಟಾಪ್ಸಿ ಆಂಡ್ ಈವಾ’ದಲ್ಲಿ ಗುಲಾಮ ಅಂಕಲ್ ಟಾಮ್.

ಮಾತು ಬಂದ ಮೇಲೆ ಸಿಕ್ಕ ದೊಡ್ಡ ಪಾತ್ರ 1930ರ ‘ಮೋಬಿ ಡಿಕ್’ನಲ್ಲಿ ತಿಮಿಂಗಿಲಕ್ಕೆ ಈಟಿ ಎಸೆಯುವ ಕ್ವೀಕ್ವೆಗ್, ಜಾನ್ ಬ್ಯಾರಿಮೋರ್ ಜೊತೆ. 1932ರ ‘ದಿ ಮಮ್ಮಿ’ಯಲ್ಲಿ ಬೋರಿಸ್ ಕಾರ್ಲಾಫ್ ಪಾತ್ರದ ವಶಕ್ಕೆ ಸಿಕ್ಕ ನೂಬಿಯಾದ (ಈಜಿಪ್ಟಿನ ದಕ್ಷಿಣದ ಸೀಮೆ) ಸೇವಕ.

ಪರದೆ ಬಿಟ್ಟು ಕಾಗದಕ್ಕೆ ಬನ್ನಿ

ಈವರೆಗೆ ಹೇಳಿದ್ದು ಇನ್ನೊಬ್ಬರು ಕೊಟ್ಟ ವೇಷಗಳು. ನೋಬಲ್ ತಾವಾಗಿ ಆರಿಸಿಕೊಂಡ ಪಾತ್ರಗಳೂ ಇದ್ದವು. ಅವುಗಳನ್ನು ನೋಡಲು ಹೋದರೆ ಸಿನಿಮಾ ಸಿಗುವುದಿಲ್ಲ, ಬರೀ ಕಾಗದ ಸಿಗುತ್ತದೆ. ಈ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಈ ಭಾಗವೇ. ಇದನ್ನು ಬಿಟ್ಟರೆ ಅವರನ್ನು ಅರ್ಧ ಮಾತ್ರ ನೋಡಿದ ಹಾಗೆ.

1915ರಲ್ಲಿ ‘ದಿ ಬರ್ತ್ ಆಫ್ ಎ ನೇಷನ್’ ಬಂತು. ಬಿಳಿಯರು ಮಸಿ ಬಳಿದುಕೊಂಡು ಕಪ್ಪು ಜನರನ್ನು ಕ್ರೂರಿಗಳಂತೆ ತೋರಿಸಿದ ಚಿತ್ರ. ಮರುವರ್ಷ, 1916ರಲ್ಲಿ, ನೋಬಲ್ ಮತ್ತು ಗೆಳೆಯರು ಸೇರಿ ಲಾಸ್ ಏಂಜಲಿಸ್‌ನಲ್ಲಿ ಲಿಂಕನ್ ಮೋಷನ್ ಪಿಕ್ಚರ್ ಕಂಪನಿ ಕಟ್ಟಿದರು. ನೋಬಲ್ ಅದರ ಅಧ್ಯಕ್ಷ, ನಾಯಕನಟ ಎರಡೂ. ಹ್ಯಾರಿ ಗ್ಯಾಂಟ್ ಅನ್ನುವ ಬಿಳಿಯ ಕ್ಯಾಮೆರಾಮನ್ ಜೊತೆಗಿದ್ದರು. ನೋಬಲ್ ಅವರ ತಮ್ಮ ಜಾರ್ಜ್ ಪಿ. ಜಾನ್ಸನ್ ಒಮಾಹಾದ ಪೋಸ್ಟ್ ಆಫೀಸಿನಲ್ಲಿ ಕೆಲಸಕ್ಕಿದ್ದವರು. ನೌಕರಿ ಬಿಡದೆ, ಉಳಿದ ಹೊತ್ತಿನಲ್ಲಿ ಅಲ್ಲಿಂದಲೇ ಚಿತ್ರಗಳನ್ನು ಊರೂರಿಗೆ ಕಳಿಸುವ ವ್ಯವಹಾರ ನೋಡಿಕೊಂಡರು.

ಮೊದಲ ಚಿತ್ರ ‘ದಿ ರಿಯಲೈಸೇಶನ್ ಆಫ್ ಎ ನೀಗ್ರೋಸ್ ಆಂಬಿಷನ್’. ಕಪ್ಪು ಜನರಿಗಾಗಿ ಕಟ್ಟಿದ ಟಸ್ಕೀಗಿ ವಿದ್ಯಾಸಂಸ್ಥೆಯಲ್ಲಿ ಓದಿದ ಎಂಜಿನಿಯರ್ ಹುಡುಗ ಅಪ್ಪನ ಹೊಲ ಬಿಟ್ಟು ಕ್ಯಾಲಿಫೋರ್ನಿಯಾದ ಎಣ್ಣೆ ಬಾವಿಗಳ ಕಡೆ ಕೆಲಸ ಹುಡುಕಿ ಹೋಗುತ್ತಾನೆ. ಮೈಬಣ್ಣ ನೋಡಿ ಕೆಲಸ ಕೊಡುವುದಿಲ್ಲ. ಅಪಾಯದಲ್ಲಿದ್ದ ಮಾಲೀಕನ ಮಗಳನ್ನು ಉಳಿಸಿದ ಮೇಲೆ ಕೆಲಸ ಸಿಗುತ್ತದೆ. ಆಮೇಲೆ ಅಪ್ಪನ ಜಮೀನಿನಲ್ಲೂ ಎಣ್ಣೆ ಇರಬಹುದು ಅಂತ ಅವನಿಗೆ ಹೊಳೆಯುತ್ತದೆ, ಊರಿಗೆ ವಾಪಸ್ ಬಂದು ಗೆಲ್ಲುತ್ತಾನೆ. ಸರಳ ಕಥೆ. ಆದರೆ ಯೋಚನೆ ಮಾಡಿ: ಓದಿದ, ಕೋಟು ತೊಟ್ಟ, ಮರ್ಯಾದಸ್ಥ ಕಪ್ಪು ನಾಯಕನನ್ನು ಪರದೆಯ ಮೇಲೆ ನೋಡುವ ಭಾಗ್ಯ ಆ ಪ್ರೇಕ್ಷಕರಿಗೆ ಎಷ್ಟು ಸಲ ಸಿಕ್ಕಿರಬಹುದು? ಎರಡನೆಯದು ‘ದಿ ಟ್ರೂಪರ್ ಆಫ್ ಟ್ರೂಪ್ ಕೆ’. 1916ರ ಜೂನ್‌ನಲ್ಲಿ ಮೆಕ್ಸಿಕೋದ ಕರಿಸಾಲ್‌ನಲ್ಲಿ ಕಾದಾಡಿದ ಅಮೆರಿಕ ಸೈನ್ಯದ 10ನೇ ಅಶ್ವದಳದ ಕಪ್ಪು ಸೈನಿಕರ ಕಥೆ. ಮೂರನೆಯದು 1917ರ ‘ದಿ ಲಾ ಆಫ್ ನೇಚರ್’. ಈ ಮೂರರಲ್ಲೂ ನೋಬಲ್ ನಾಯಕ. ಮೂರೂ ಕಳೆದುಹೋಗಿವೆ.

ಹಾಗಾದರೆ ಹುಡುಕುವುದು ಹೇಗೆ? ಜಾರ್ಜ್ ಒಂದು ಪುಣ್ಯದ ಕೆಲಸ ಮಾಡಿದ್ದಾರೆ. ಪತ್ರ, ಜಾಹೀರಾತು, ಪತ್ರಿಕೆಯ ತುಣುಕು, ಫೋಟೋ, ಏನನ್ನೂ ಎಸೆಯಲಿಲ್ಲ. ಆ ಸಂಗ್ರಹ ಲಾಸ್ ಏಂಜಲಿಸ್‌ನ ಯುಸಿಎಲ್ಎ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಜಾರ್ಜ್ ಹೆಸರಿನಲ್ಲೇ ಇದೆ. ಯಾವ ಪೆಟ್ಟಿಗೆಯಲ್ಲಿ ಏನಿದೆ ಅನ್ನುವ ಪಟ್ಟಿಯನ್ನು ‘ಆನ್‌ಲೈನ್ ಆರ್ಕೈವ್ ಆಫ್ ಕ್ಯಾಲಿಫೋರ್ನಿಯಾ’ದಲ್ಲಿ ಇಲ್ಲಿಂದಲೇ ಓದಬಹುದು. ಮೊದಲು ಅದನ್ನು ಓದಿ, ಬೇಕಾದ ಹೆಸರುಗಳನ್ನು ಬರೆದುಕೊಳ್ಳಿ.

ಆಮೇಲೆ ಪತ್ರಿಕೆಗಳು. ಕಪ್ಪು ಜನರೇ ನಡೆಸುತ್ತಿದ್ದ ‘ಶಿಕಾಗೊ ಡಿಫೆಂಡರ್’, ‘ಕ್ಯಾಲಿಫೋರ್ನಿಯಾ ಈಗಲ್’, ‘ನ್ಯೂಯಾರ್ಕ್ ಏಜ್’. ಹಳೆಯ ಪತ್ರಿಕೆಗಳಿಗೆ ಲೈಬ್ರರಿ ಆಫ್ ಕಾಂಗ್ರೆಸ್‌ನ ‘ಕ್ರಾನಿಕ್ಲಿಂಗ್ ಅಮೆರಿಕ’ದಲ್ಲಿ ಹುಡುಕಿ. ಸಿನಿಮಾ ವ್ಯಾಪಾರದ ಪತ್ರಿಕೆಗಳಿಗೆ ‘ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿ’ ಇದೆ, ಪುಕ್ಕಟೆ. ಒಂದು ಎಚ್ಚರಿಕೆ: ‘ಡಿಫೆಂಡರ್’ನಲ್ಲಿ ನಾಟಕ-ಸಿನಿಮಾ ಪುಟ ನೋಡಿಕೊಳ್ಳುತ್ತಿದ್ದ ಟೋನಿ ಲ್ಯಾಂಗ್‌ಸ್ಟನ್ ಅವರೇ ಲಿಂಕನ್ ಕಂಪನಿಯ ಚಿತ್ರಗಳಿಗೆ ಶಿಕಾಗೊದ ಏಜೆಂಟೂ ಆಗಿದ್ದರು. ಹೊಗಳಿಕೆಯನ್ನು ಅಷ್ಟಕ್ಕಷ್ಟೇ ತೆಗೆದುಕೊಳ್ಳಿ. ಎಲ್ಲಿ, ಯಾವ ಥಿಯೇಟರಿನಲ್ಲಿ, ಎಷ್ಟು ದಿನ ಓಡಿತು ಅನ್ನುವುದನ್ನು ಬರೆದುಕೊಂಡರೆ ಹೆಚ್ಚು ಉಪಯೋಗ.

ಹುಡುಕುವಾಗ 1918ರ ಸುತ್ತಮುತ್ತಲಿನ ಪುಟಗಳನ್ನು ನಿಧಾನವಾಗಿ ನೋಡಿ. ನೋಬಲ್ ಅದೇ ಹೊತ್ತಿಗೆ ಯೂನಿವರ್ಸಲ್ ಕಂಪನಿಯ ಧಾರಾವಾಹಿ ಚಿತ್ರಗಳಲ್ಲೂ ನಟಿಸುತ್ತಿದ್ದರು. ಊಟಕ್ಕೆ ದಾರಿ ಅದೇ. ಕಪ್ಪು ಜನರ ಬೀದಿಗಳಲ್ಲಿ ಲಿಂಕನ್ ಚಿತ್ರ ಹಾಕಿದ ಕಡೆ ಜನ ತುಂಬುತ್ತಿದ್ದರು, ಪಕ್ಕದಲ್ಲಿ ಯೂನಿವರ್ಸಲ್ ಚಿತ್ರ ಹಾಕಿದವನಿಗೆ ನಷ್ಟ. ದೊಡ್ಡ ಕಂಪನಿ ನೋಬಲ್ ಮೇಲೆ ಒತ್ತಡ ತಂದಿತು. 1918ರಲ್ಲಿ ಅವರು ತಮ್ಮದೇ ಕಂಪನಿಯ ಅಧ್ಯಕ್ಷಗಿರಿಗೆ ರಾಜೀನಾಮೆ ಕೊಟ್ಟರು. ಅವರಿಲ್ಲದೆ ಲಿಂಕನ್ ಕಂಪನಿ ಇನ್ನೆರಡು ಕಥಾಚಿತ್ರ ಮಾಡಿತು, 1923ರಲ್ಲಿ ಬಾಗಿಲು ಹಾಕಿತು. ಕೊನೆಯ ಕಥಾಚಿತ್ರ, 1921ರ ‘ಬೈ ರೈಟ್ ಆಫ್ ಬರ್ತ್’, ಕೆಲವೇ ನಿಮಿಷ ಉಳಿದಿದೆ. ನೋಬಲ್ ಅದರಲ್ಲಿಲ್ಲ. ಆದರೂ ನೋಡಿ. ಅವರು ಕಟ್ಟಿದ ಮನೆಯ ಒಳಗೋಡೆ ಹೇಗಿತ್ತು ಅಂತ ತೋರಿಸುವ ಕಥಾಚಿತ್ರ ಅದೊಂದೇ.

ಅದೇ 1918ರಲ್ಲಿ ಆಸ್ಕರ್ ಮಿಶೋ ಅನ್ನುವ ಲೇಖಕ ತನ್ನ ಕಾದಂಬರಿ ‘ದಿ ಹೋಮ್‌ಸ್ಟೆಡರ್’ ಅನ್ನು ಸಿನಿಮಾ ಮಾಡಲು ಜಾರ್ಜ್ ಜೊತೆ ಮಾತಾಡುತ್ತಿದ್ದರು. ಮಾತುಕತೆ ಮುರಿದುಬಿತ್ತು. ಮಿಶೋ 1919ರಲ್ಲಿ ತಾವೇ ಮಾಡಿದರು, ಮುಂದೆ ದಶಕಗಳ ಕಾಲ ಚಿತ್ರ ಮಾಡುತ್ತಲೇ ಹೋದರು. ಅವರ ಪತ್ರಗಳೂ ಜಾರ್ಜ್ ಸಂಗ್ರಹದಲ್ಲಿವೆ.

ನೋಟ್‌ಬುಕ್ ಇಟ್ಟುಕೊಳ್ಳುವ ಬಗೆ

ಒಂದು ಸಿನಿಮಾಕ್ಕೆ ಒಂದು ಪುಟ. ವರ್ಷ, ಕಂಪನಿ, ಪಾತ್ರ ಇವಿಷ್ಟು ಮೇಲೆ. ಕೆಳಗೆ ನಾನು ಬರೆಯುವುದು: ಯಾವ ಜನಾಂಗದ ಪಾತ್ರ, ಮಾತಿದೆಯೋ ಇಲ್ಲವೋ, ಇದ್ದರೆ ಯಾವ ಭಾಷೆ, ಹೆಸರು ಟೈಟಲ್ ಕಾರ್ಡಿನಲ್ಲಿ ಬಂತೋ ಇಲ್ಲವೋ, ಮೈಗೆ ಏನು ಹಚ್ಚಿದ್ದಾರೆ, ಎಲ್ಲಿ ಹಚ್ಚಿಲ್ಲ. ಅವರು ಕಾಣಿಸುವ ನಿಮಿಷವನ್ನೂ ಬರೆಯಿರಿ. ಇನ್ನೊಬ್ಬರಿಗೆ ತೋರಿಸುವಾಗ ಬೇಕಾಗುತ್ತದೆ.

ಹತ್ತಾರು ಪುಟ ತುಂಬಿದ ಮೇಲೆ ಮಾತಿನ ಸಾಲನ್ನು ಮಾತ್ರ ಓದುತ್ತಾ ಹೋಗಿ. ಮಾತಿಲ್ಲ, ಮಾತಿಲ್ಲ, ಸಿನಿಮಾಕ್ಕೆಂದೇ ಕಟ್ಟಿದ ಸುಳ್ಳು ಭಾಷೆಯಲ್ಲಿ ನಾಲ್ಕು ಮಾತು, ಮತ್ತೆ ಮಾತಿಲ್ಲ. ನನಗೆ ಕೋಪ ಬಂದಿದ್ದು ಆ ಸಾಲು ಓದಿದಾಗ. ಸ್ವಂತ ಕಂಪನಿಯ ನಾಯಕನಾಗಿದ್ದವರು ಇವರು.

ನೆಟ್‌ನಲ್ಲಿ ಸಿಗುವ ಪಾತ್ರಗಳ ಪಟ್ಟಿಯನ್ನು ಕಣ್ಣುಮುಚ್ಚಿ ನಂಬಬೇಡಿ. ದಪ್ಪ, ಎತ್ತರದ ಅನಾಮಿಕ ಸೇವಕ ಕಂಡಲ್ಲೆಲ್ಲ ನೋಬಲ್ ಹೆಸರು ಹಾಕಿದ್ದು ಇರಬಹುದು. ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ಕ್ಯಾಟಲಾಗ್ ಜೊತೆ ತಾಳೆ ನೋಡಿ, ಆಮೇಲೆ ಕಿವಿ ನೋಡಿ. ಎರಡೂ ಹೊಂದಿದರೆ ಪುಟ ತೆರೆಯಿರಿ.

1937ರ ‘ಲಾಸ್ಟ್ ಹೊರೈಝನ್’ ಅಭ್ಯಾಸಕ್ಕೆ ಒಳ್ಳೆಯದು. ಹೆಸರು ಹಾಕಿಲ್ಲ. ಹಿಮದಲ್ಲಿ ವಾಪಸ್ ಹೊರಟವರ ಹೊರೆಯಾಳುಗಳ ಮುಂದಾಳು ಅವರು. ದಪ್ಪ ಬಟ್ಟೆ, ಹಿಮ, ಗಾಳಿ. ನಿಲುವಿನಿಂದ ಮಾತ್ರ ಹಿಡಿಯಬೇಕು. 1940ರ ‘ದಿ ಘೋಸ್ಟ್ ಬ್ರೇಕರ್ಸ್’ನ ಪ್ರೇತ, ಅಂದರೆ ನಡೆದಾಡುವ ಹೆಣ (ಝಾಂಬಿ), ಸುಲಭ. 1949ರ ‘ಶೀ ವೋರ್ ಎ ಯೆಲ್ಲೋ ರಿಬ್ಬನ್’ ಬಣ್ಣದ ಚಿತ್ರ, ಜಾನ್ ಫೋರ್ಡ್ ಅವರದು. ಅದರಲ್ಲಿ ರೆಡ್ ಶರ್ಟ್ ಅನ್ನುವ ರೆಡ್ ಇಂಡಿಯನ್ ಮುಖಂಡ. ವಯಸ್ಸು 68, ಕುದುರೆಯ ಮೇಲೆ. ಮೊದಲ ಪಾತ್ರವೂ ಇಂಥದ್ದೇ ಆಗಿತ್ತು ಅನ್ನುವುದನ್ನು ಆ ಪುಟದ ಅಂಚಿನಲ್ಲಿ ಬರೆದುಕೊಳ್ಳಿ. 1950ರಲ್ಲಿ ನಟನೆ ನಿಲ್ಲಿಸಿದರು. 1978ರಲ್ಲಿ ಕ್ಯಾಲಿಫೋರ್ನಿಯಾದ ಯುಕೈಪಾದಲ್ಲಿ ತೀರಿಕೊಂಡರು.

ನೋಬಲ್ ಮುಗಿದ ಮೇಲೆ ಇದೇ ಕ್ರಮದಲ್ಲಿ ಕ್ಲಾರೆನ್ಸ್ ಬ್ರೂಕ್ಸ್ ಅವರನ್ನು ಹಿಡಿಯಿರಿ. ಲಿಂಕನ್ ಕಂಪನಿಯ ಕಾರ್ಯದರ್ಶಿ, ‘ಬೈ ರೈಟ್ ಆಫ್ ಬರ್ತ್’ನ ನಟ. 1931ರಲ್ಲಿ ಫೋರ್ಡ್ ಅವರ ‘ಆರೋಸ್ಮಿತ್’ನಲ್ಲಿ ಡಾಕ್ಟರ್ ಮಾರ್ಚಂಡ್ ಪಾತ್ರ ಮಾಡಿದ್ದಾರೆ. ಕಪ್ಪು ಡಾಕ್ಟರಾಗಿಯೇ, ಬೇರೆ ಜನಾಂಗದ ವೇಷ ಇಲ್ಲದೆ. ಆ ಪುಟದಲ್ಲಿ ಮಾತಿನ ಸಾಲಿಗೆ ಜಾಸ್ತಿ ಜಾಗ ಬಿಟ್ಟುಕೊಳ್ಳಿ.